ಕಣ್ಣು ಆಡುವ ಕೈಯ ಮಾತು: ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬುದು ಕನ್ನಡದ ಬಹುಬಳಕೆಯ ಗಾದೆಗಳಲ್ಲೊಂದು; ನಡುವಿನ ‘ಕಣ್ಣಿಗೆ’ ಎಂಬ ಪದವನ್ನು ಬಿಟ್ಟು ‘ದೂರದ ಬೆಟ್ಟ ನುಣ್ಣಗೆ’ ಎಂದಷ್ಟೇ ಹೇಳುವ ರೂಢಿಯೂ ಇದೆ. ಇದ್ದಲ್ಲೇ ತೃಪ್ತಿಯಿಂದಿರಬೇಕು, ಕಾಣದ ಊರಿಗೆ ಹಂಬಲಿಸಬಾರದು ಎಂಬ ಉಪದೇಶಕ್ಕಾಗಿಯೇ ಹಿರಿಯರು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಆದರೆ ಇದ್ದ ಜಾಗವನ್ನೇ ಕಳೆದುಕೊಂಡವರಿಗೆ, ಅಂದರೆ ಕಂಪನಿಯ ಲೇಆಫ್‌ನಲ್ಲಿ ಕೆಲಸ ಹೋಗಿ, ಎರಡು ಹೊಸ ಆಫರ್‌ಗಳ ನಡುವೆ ನಿಂತಿರುವ ಬೆಂಗಳೂರಿನ ಎಂಜಿನಿಯರಿಗೆ, ಈ ಅರ್ಥದಿಂದ ಯಾವ ಪ್ರಯೋಜನವೂ ಆಗದು. ಏಕೆಂದರೆ ಅವರ ಎದುರಿಗಿರುವುದು ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲ, ಎರಡು ಬೆಟ್ಟಗಳಲ್ಲಿ ಯಾವುದನ್ನು ಹತ್ತಬೇಕು ಎಂಬ ಪ್ರಶ್ನೆ. ಗಾದೆಯನ್ನು ಪದಪದವಾಗಿ ಬಿಡಿಸಿದಾಗ ಅದರಲ್ಲಿ ಹತ್ತು ಎಂಬ ವಿಧಿಯಾಗಲಿ, ಹತ್ತಬೇಡ ಎಂಬ ನಿಷೇಧವಾಗಲಿ ಇಲ್ಲವೆಂಬುದು ತಿಳಿಯುತ್ತದೆ. ಅಲ್ಲಿರುವುದು ನೋಟದ ಮಿತಿಯನ್ನು ಕುರಿತ ಒಂದು ಹೇಳಿಕೆ ಮಾತ್ರ, ಮತ್ತು ಆ ಹೇಳಿಕೆಯೇ ಆಯ್ಕೆಯ ಕ್ರಮವೊಂದನ್ನು ಸೂಚಿಸುತ್ತದೆ.

ಗಾದೆಯ ಜೀವವಿರುವುದು ‘ನುಣ್ಣಗೆ’ ಎಂಬ ಪದದಲ್ಲಿ. ಇದೇ ಅನುಭವವನ್ನು ಹೇಳುವ ಸಂಸ್ಕೃತದ ಪ್ರಸಿದ್ಧ ಮಾತು ದೂರದ ಪರ್ವತಗಳನ್ನು ‘ರಮ್ಯ’ ಎಂದು ಕರೆಯುತ್ತದೆ. ರಮ್ಯತೆ ನೋಟಕ್ಕೆ ಸೇರಿದ ಗುಣವಾದ್ದರಿಂದ ಅಲ್ಲಿ ಕಣ್ಣು ತನ್ನ ಅಧಿಕಾರದೊಳಗೇ ಮಾತನಾಡುತ್ತದೆ. ಕನ್ನಡದ ಗಾದೆ ‘ಚೆಂದ’ ಎನ್ನದೆ ‘ನುಣ್ಣಗೆ’ ಎನ್ನುತ್ತದೆ. ನುಣುಪು ಸ್ಪರ್ಶದ ಗುಣ; ಬೀಸಿದ ಹಿಟ್ಟು ನುಣ್ಣಗಿದೆಯೇ ಎಂಬುದನ್ನು ಬೆರಳುಗಳ ನಡುವೆ ಉಜ್ಜಿ ತಿಳಿಯಬೇಕೇ ಹೊರತು ದೂರದಿಂದ ನೋಡಿ ಹೇಳಲಾಗದು. ಹೀಗೆ ಕೈ ಆಡಬೇಕಾದ ಮಾತನ್ನು ಕಣ್ಣು ಆಡುತ್ತಿದೆ ಎಂಬುದೇ ಗಾದೆ ತೋರಿಸುವ ದೋಷವಾಗಿದ್ದು, ‘ಕಣ್ಣಿಗೆ’ ಎಂಬ ಚತುರ್ಥೀ ವಿಭಕ್ತಿಯ ಪದ ಆ ತೀರ್ಪು ಯಾರದು, ಎಷ್ಟರಮಟ್ಟಿನದು ಎಂಬುದನ್ನು ಗೆರೆ ಎಳೆದು ಹೇಳುತ್ತದೆ. ಬೆಟ್ಟ ನುಣ್ಣಗಿದೆ ಎಂದು ಗಾದೆ ಎಲ್ಲಿಯೂ ಹೇಳಿಲ್ಲ.

ಇದರಲ್ಲಿ ಕಣ್ಣಿನ ತಪ್ಪು ಎಷ್ಟು ಎಂಬುದನ್ನೂ ಅಳೆಯಬಹುದು. ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಮಾತ್ರ ಬಿಡಿಬಿಡಿಯಾಗಿ ಗುರುತಿಸಬಲ್ಲದು; 10 ಕಿಲೋಮೀಟರ್ ದೂರದಲ್ಲಿ ಇಷ್ಟು ಕೋನ ಹೆಚ್ಚುಕಡಿಮೆ 3 ಮೀಟರಿಗೆ ಸಮನಾಗುತ್ತದೆ. ರಾಮನಗರದ ಬೆಟ್ಟವೊಂದನ್ನು ಅಷ್ಟು ದೂರದಿಂದ ನೋಡುವವರಿಗೆ ಆಳೆತ್ತರದ ಬಂಡೆಯಾಗಲಿ, ಬಂಡೆಗಳ ನಡುವಿನ ಮುಳ್ಳುಪೊದೆಯಾಗಲಿ ಬೇರೆಯಾಗಿ ಕಾಣದೆ ಎಲ್ಲವೂ ಒಂದೇ ಮೈಯಾಗಿ ಕೂಡಿಹೋಗುತ್ತವೆ, ನಡುವಿನ ಗಾಳಿಯಲ್ಲಿ ಚದುರಿದ ಬೆಳಕು ಆ ಮೈಗೆ ತೆಳುನೀಲಿಯ ಹೊದಿಕೆಯನ್ನೂ ಹೊದಿಸುತ್ತದೆ. ಇಲ್ಲಿ ಬೆಟ್ಟ ಯಾರನ್ನೂ ವಂಚಿಸಿಲ್ಲ, ಕಣ್ಣೂ ಕೆಟ್ಟಿಲ್ಲ. ಒರಟನ್ನು ಅಳಿಸಿದ್ದು ದೂರ ಒಂದೇ. ಆದ್ದರಿಂದ ಪರಿಹಾರವೂ ಕಣ್ಣನ್ನು ಶಂಕಿಸುವುದರಲ್ಲಿಲ್ಲ, ದೂರವನ್ನು ಕಡಿಮೆ ಮಾಡಿಕೊಳ್ಳುವುದರಲ್ಲಿದೆ.

ಕೆಲಸ ಕಳೆದುಕೊಂಡ ಎಂಜಿನಿಯರ್ ನೋಡುವ ಮೊದಲ ದೂರದ ಬೆಟ್ಟ ಮುಂದಿರುವುದಲ್ಲ, ಹಿಂದೆ ಬಿಟ್ಟುಬಂದದ್ದು. ಲೇಆಫ್ ಎಂಬ ಪದದ ಬಳಕೆಯೇ ಇದಕ್ಕೆ ಸಾಕ್ಷಿಯಾಗಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಲೇಆಫ್ ಎಂದರೆ ಕಚ್ಚಾ ಸಾಮಗ್ರಿ, ವಿದ್ಯುತ್ತು ಮೊದಲಾದವುಗಳ ಕೊರತೆಯಿಂದ ಮಾಲೀಕರು ತಾತ್ಕಾಲಿಕವಾಗಿ ಕೆಲಸ ಕೊಡಲಾರದ ಸ್ಥಿತಿ. ಆಗ ಕಾರ್ಮಿಕರ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದಿರುತ್ತದೆ. ನೌಕರಿಯನ್ನೇ ಕೊನೆಗೊಳಿಸುವುದಕ್ಕೆ ಆ ಕಾಯ್ದೆಯಲ್ಲಿದ್ದ ಹೆಸರು ರಿಟ್ರೆಂಚ್‌ಮೆಂಟ್, ಅಂದರೆ ಉದ್ಯೋಗ ಕಡಿತ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಎಂಬ ಪರಿಹಾರವನ್ನು ಆ ಕಾಯ್ದೆ ಗೊತ್ತುಮಾಡಿತ್ತು, ಮತ್ತು ಈ ಭೇದವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಐಟಿ ವಲಯದಲ್ಲಿ ಲೇಆಫ್ ಎಂದು ಕರೆಯಲಾಗುವುದು ವಾಸ್ತವದಲ್ಲಿ ಈ ಎರಡನೆಯದು, ಅಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿರುವುದಿಲ್ಲ. ಆದರೂ ಮನಸ್ಸಿನಲ್ಲಿ ಆ ಹೆಸರು ಬಹುಕಾಲ ಉಳಿಯುತ್ತದೆ. ಅಲ್ಲಿದ್ದಾಗ ದಿನವೂ ಬೈಯುತ್ತಿದ್ದ ಕಂಪನಿ ಮೂರು ತಿಂಗಳ ದೂರದಿಂದ ನುಣ್ಣಗೆ ಕಾಣತೊಡಗಿ, ಅಲ್ಲಿಯ ಸಂಬಳ, ಹುದ್ದೆಯ ಹೆಸರು, ಕ್ಯಾಂಟೀನಿನ ಊಟ ಎಲ್ಲವೂ ಹೊಸ ಆಫರ್‌ಗಳನ್ನು ಅಳೆಯುವ ಮೊಳಕೋಲುಗಳಾಗುತ್ತವೆ. ಕಳೆದುಹೋದ ಕೆಲಸ ಈಗ ಆಯ್ಕೆಯಲ್ಲಿಲ್ಲದ ಬೆಟ್ಟ. ಅದರ ನುಣುಪಿನೊಡನೆ ಹೋಲಿಸಿದರೆ ಎದುರಿಗಿರುವ ಎರಡೂ ಒರಟಾಗಿಯೇ ತೋರುವುದರಿಂದ, ಮೊದಲು ಆ ಮೊಳಕೋಲನ್ನು ಕೆಳಗಿಡಬೇಕಾಗುತ್ತದೆ.

ಮುಂದಿರುವ ಬೆಟ್ಟಗಳ ನುಣುಪಿಗೆ ಇಂದಿನ ಹೆಸರು ಸಿಟಿಸಿ. ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚವೆಂದು ಲೆಕ್ಕಹಾಕಿ ಬರೆದ ಈ ಒಂದೇ ಸಂಖ್ಯೆಯಲ್ಲಿ ಬೇರೆಬೇರೆ ಜಾತಿಯ ಹಣಗಳು, 10 ಕಿಲೋಮೀಟರ್ ದೂರದ ಬಂಡೆಗಳಂತೆ, ಒಂದಾಗಿ ಕೂಡಿಹೋಗಿರುತ್ತವೆ. ಉದಾಹರಣೆಗಾಗಿ ಕಲ್ಪಿಸಿಕೊಳ್ಳುವುದಾದರೆ, ಒಂದು ಸ್ಟಾರ್ಟಪ್ 34 ಲಕ್ಷ ರೂಪಾಯಿಯ ಆಫರ್ ಕೊಟ್ಟಿದ್ದು, ಅದರಲ್ಲಿ 21 ಲಕ್ಷ ಸ್ಥಿರ ವೇತನ, 4 ಲಕ್ಷ ವೇರಿಯಬಲ್ ಪೇ, 2 ಲಕ್ಷ ಜಾಯ್ನಿಂಗ್ ಬೋನಸ್, 7 ಲಕ್ಷ ಷೇರಿನ ಆಯ್ಕೆಗಳ ಮೌಲ್ಯ ಎಂದಿರಲಿ. ಮತ್ತೊಂದು ಹಳೆಯ ಕಂಪನಿ 27 ಲಕ್ಷ ಎಂದು ಬರೆದು ಅದರಲ್ಲಿ 25 ಲಕ್ಷ ಸ್ಥಿರ, 2 ಲಕ್ಷ ವೇರಿಯಬಲ್ ಎಂದಿರಲಿ. ದೂರದಿಂದ ನೋಡಿದರೆ ಮೊದಲನೆಯದು 7 ಲಕ್ಷ ಎತ್ತರ. ಹತ್ತಿರದಿಂದ ನೋಡಿದರೆ, ತಿಂಗಳು ತಿಂಗಳು ಖಚಿತವಾಗಿ ಬರುವ ಹಣದ ಮಟ್ಟಿಗೆ, 4 ಲಕ್ಷ ತಗ್ಗು. ವೇರಿಯಬಲ್ ಪೇ ಎಂಬುದು ಕಂಪನಿಯ ಮತ್ತು ನೌಕರನ ಸಾಧನೆಯನ್ನು ನೋಡಿ ಕೊಡುವ, ಕೊಡದೆಯೂ ಇರಬಹುದಾದ ಭಾಗ. ಜಾಯ್ನಿಂಗ್ ಬೋನಸ್ ಒಮ್ಮೆ ಮಾತ್ರ ಬರುವಂಥದು, ನಿಗದಿತ ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತಿನೊಡನೆ ಬರುವುದೇ ಹೆಚ್ಚು. ಷೇರಿನ ಆಯ್ಕೆ ಅಥವಾ ಇಸಾಪ್ ಎಂದರೆ ಗೊತ್ತುಮಾಡಿದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು; ಈ ಹಕ್ಕು ನೌಕರನ ಕೈಸೇರುವುದನ್ನು ವೆಸ್ಟಿಂಗ್ ಎನ್ನುತ್ತಾರೆ, ಹಕ್ಕನ್ನು ಕೊಟ್ಟ ದಿನಕ್ಕೂ ವೆಸ್ಟಿಂಗಿಗೂ ನಡುವೆ ಕನಿಷ್ಠ ಒಂದು ವರ್ಷವಿರಬೇಕೆಂದು ಕಂಪನಿ ಕಾಯ್ದೆಯಡಿಯ 2014ರ ನಿಯಮಗಳು ಹೇಳುತ್ತವೆ. ಹನ್ನೊಂದನೆಯ ತಿಂಗಳಲ್ಲಿ ಮತ್ತೊಂದು ಲೇಆಫ್ ಆದರೆ ಆ 7 ಲಕ್ಷ ಸೊನ್ನೆಯಾಗಬಹುದು. ಕೈಸೇರಿದ ಮೇಲೂ, ಷೇರು ಕೊಂಡ ದಿನದ ನ್ಯಾಯಯುತ ಮೌಲ್ಯಕ್ಕೂ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಆದಾಯ ತೆರಿಗೆ ಕಾನೂನು ಸಂಬಳದ ಭಾಗವೆಂದೇ ಎಣಿಸುತ್ತದೆ, ಷೇರನ್ನು ಮಾರಿ ಹಣ ಮಾಡಿಕೊಂಡಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಸ್ಥಿರ ವೇತನವೆಂಬ ಭಾಗವೂ ಪೂರ್ತಿ ನುಣುಪಲ್ಲ. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಶೇ. 12ರ ಪಾಲನ್ನೂ, ಮೂಲವೇತನದ ಶೇ. 4.81ರಷ್ಟು ಗ್ರಾಚ್ಯುಟಿಯನ್ನೂ ಹಲವು ಕಂಪನಿಗಳು ಅದರೊಳಗೇ ಸೇರಿಸುತ್ತವೆ. ವರ್ಷಕ್ಕೆ 15 ದಿನಗಳ ವೇತನವನ್ನು ತಿಂಗಳಿಗೆ 26 ಕೆಲಸದ ದಿನಗಳ ಲೆಕ್ಕದಲ್ಲಿ ಹಂಚಿದಾಗ ಬರುವ ಈ ಗ್ರಾಚ್ಯುಟಿ, ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆಯಾದ ಮೇಲೆಯೇ ಸಿಗುವಂಥದು; ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ವಲಯದಲ್ಲಿ ಅದು ಕಾಗದದ ಮೇಲೆ ಪ್ರತಿವರ್ಷ ಬರೆದು, ಕೈಗೆ ಒಮ್ಮೆಯೂ ಬಾರದ ಹಣವಾಗಿಯೇ ಉಳಿಯಬಹುದು.

ಇಷ್ಟರವರೆಗಿನದು ಗಾದೆಯ ನೇರ ಅರ್ಥದ ವಿಸ್ತರಣೆ. ಅದರ ಸೂಕ್ಷ್ಮಾರ್ಥ ತೆರೆದುಕೊಳ್ಳುವುದು ಎರಡು ಬೆಟ್ಟಗಳು ಎರಡು ಬೇರೆ ದೂರಗಳಲ್ಲಿ ನಿಂತಿರುವಾಗ. ವಾಸ್ತವದಲ್ಲಿ ಎರಡು ಆಫರ್‌ಗಳ ಬಗ್ಗೆ ಸಮಾನವಾದ ತಿಳಿವಳಿಕೆ ಇರುವುದು ಅಪರೂಪ. ಒಂದು ಕಂಪನಿಯಲ್ಲಿ ಹಳೆಯ ಸಹೋದ್ಯೋಗಿಗಳು ಇದ್ದು, ಅಲ್ಲಿ ರಾತ್ರಿ ಹತ್ತರ ಮೀಟಿಂಗುಗಳಿರುತ್ತವೆ, ಬಡ್ತಿ ನಿಧಾನ, ಪ್ರಾಜೆಕ್ಟ್ ಮುಗಿದರೆ ಬೆಂಚಿನಲ್ಲಿ, ಅಂದರೆ ಕೆಲಸವಿಲ್ಲದ ಕಾಯುವಿಕೆಯಲ್ಲಿ, ಕೂರಬೇಕಾಗುತ್ತದೆ ಎಂಬುದೆಲ್ಲ ಕಿವಿಗೆ ಬಿದ್ದಿರುತ್ತದೆ. ಇನ್ನೊಂದರ ವಿಷಯದಲ್ಲಿ ಕೇಳಿರುವುದು ನೇಮಕಾತಿಯವರ ಸಿಹಿಮಾತು ಮಾತ್ರ. ಮೊದಲನೆಯದು ಒರಟಾಗಿ ಕಾಣುವುದು ಅದು ಹೆಚ್ಚು ಒರಟಾಗಿರುವುದರಿಂದಲ್ಲ, ಹೆಚ್ಚು ಹತ್ತಿರವಿರುವುದರಿಂದ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಇನ್ನೊಂದು ಗಾದೆ ಇದರ ಮಗ್ಗುಲಿನಲ್ಲೇ ನಿಲ್ಲುತ್ತದೆ. ಒಂದು ದೂರದ್ದಕ್ಕೆ ಸಲ್ಲದ ಬೆಲೆ ಕಟ್ಟುವುದನ್ನು ಹೇಳಿದರೆ, ಇನ್ನೊಂದು ಹತ್ತಿರದ್ದಕ್ಕೆ ಸಲ್ಲುವ ಬೆಲೆಯನ್ನು ಕಡಿಯುವುದನ್ನು ಹೇಳುತ್ತದೆ, ಮತ್ತು ಎರಡು ಆಫರ್‌ಗಳ ನಡುವಿನ ಆಯ್ಕೆಯಲ್ಲಿ ಈ ಎರಡೂ ತಪ್ಪುಗಳು ಒಂದೇ ತಕ್ಕಡಿಯಲ್ಲಿ ಒಂದೇ ಕಡೆಗೆ ಜಗ್ಗುತ್ತವೆ. ಆದ್ದರಿಂದ ಹೋಲಿಕೆಗೆ ಮುನ್ನ ಎರಡನ್ನೂ ಸಮದೂರಕ್ಕೆ ತರಬೇಕು ಎಂಬುದು ಗಾದೆಯಿಂದ ಹೊರಡುವ ಕ್ರಮ.

ಸಮದೂರಕ್ಕೆ ತರುವುದೆಂದರೆ ಒಂದೇ ಪ್ರಶ್ನೆಗಳನ್ನು ಎರಡು ಕಡೆಯೂ ಕೇಳುವುದು. ಈ ಹುದ್ದೆ ಹೊಸದೋ, ಯಾರೋ ಬಿಟ್ಟುಹೋದದ್ದೋ, ಬಿಟ್ಟುಹೋಗಿದ್ದರೆ ಏಕೆ, ತಂಡದ ಕೆಲಸ ಕಂಪನಿಗೆ ಹಣ ತರುವಂಥದೋ, ಮೊದಲ ಕಡಿತಕ್ಕೆ ಸಿಗುವಂಥದೋ, ಕಳೆದ ವರ್ಷ ವೇರಿಯಬಲ್ ಭಾಗದಲ್ಲಿ ಎಷ್ಟು ಪಾಲು ನಿಜವಾಗಿ ಕೊಡಲಾಯಿತು, ನೋಟಿಸ್ ಪೀರಿಯಡ್ ಎಷ್ಟು, ಕಂಪನಿಯೇ ಕಳುಹಿಸುವಾಗಲೂ ಅಷ್ಟೇ ಅವಧಿ ಅನ್ವಯಿಸುತ್ತದೆಯೇ, ಆಫರ್ ಲೆಟರಿನಲ್ಲಿರುವ ಹೆಸರು ಅದೇ ಕಂಪನಿಯದೋ, ಆಳು ಒದಗಿಸುವ ಮಧ್ಯವರ್ತಿಯದೋ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶಗಳು ಎಲ್ಲರಿಗೂ ತೆರೆದಿರುತ್ತವೆ. ಖಾಸಗಿ ಕಂಪನಿಯ ಲೆಕ್ಕಪತ್ರಗಳನ್ನೂ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ದಾಖಲೆಗಳಲ್ಲಿ ಸಣ್ಣ ಶುಲ್ಕ ಕಟ್ಟಿ ನೋಡಬಹುದು. ಬೆಂಗಳೂರಿನ ಮಟ್ಟಿಗೆ ‘ದೂರ’ ಎಂಬ ಪದ ತನ್ನ ವಾಚ್ಯಾರ್ಥದಲ್ಲಿಯೂ ಲೆಕ್ಕಕ್ಕೆ ಬರುತ್ತದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಜಯನಗರದ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದಕ್ಕೂ, ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಹೋಗುವುದಕ್ಕೂ ಒಂದು ಕಡೆಗೆ ಒಂದು ಗಂಟೆಯ ಅಂತರವಿದ್ದರೆ, ತಿಂಗಳಿಗೆ 22 ಕೆಲಸದ ದಿನಗಳಲ್ಲಿ 44 ಗಂಟೆಯಾಗಿ, ಒಂದು ವಾರದ ದುಡಿಮೆಗಿಂತ ಹೆಚ್ಚಾಗುತ್ತದೆ. ಈ ಹೊತ್ತು ಯಾವ ಸಿಟಿಸಿಯಲ್ಲಿಯೂ ಬರೆದಿರುವುದಿಲ್ಲ.

ಇದಕ್ಕೆಲ್ಲ ಕಾಲ ಬೇಕಲ್ಲವೇ ಎಂಬ ಆಕ್ಷೇಪವನ್ನು ಇನ್ನೊಂದು ಗಾದೆಯೇ ಎತ್ತುತ್ತದೆ: ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.’ ಕುಡಿಕೆ ಎಂದರೆ ಸಣ್ಣ ಮಡಕೆ. ಅದರ ತುಂಬ ಚಿನ್ನವಿದ್ದರೂ ದುಡಿಯದೆ ತಿನ್ನುವವನಿಗೆ ಅದು ಕರಗುತ್ತದೆ. ಈ ಗಾದೆ ಮೊದಲನೆಯದನ್ನು ನಿರಾಕರಿಸುವುದಿಲ್ಲ, ಬೆಟ್ಟದತ್ತ ಎಷ್ಟು ದೂರ ನಡೆದು ನೋಡಬಹುದು ಎಂಬುದಕ್ಕೆ ಮಿತಿ ಹಾಕುತ್ತದೆ. ಮನೆಯ ಬಾಡಿಗೆ, ಸಾಲದ ಕಂತು, ಶಾಲೆಯ ಫೀಸು ಸೇರಿ ತಿಂಗಳಿಗೆ 90 ಸಾವಿರ ರೂಪಾಯಿ ಖರ್ಚಿರುವ ಮನೆಯಲ್ಲಿ 5 ಲಕ್ಷ 40 ಸಾವಿರ ರೂಪಾಯಿ ಉಳಿತಾಯವಿದ್ದರೆ ಕುಡಿಕೆ ಆರು ತಿಂಗಳಿನದು. ಅಂತಹವರು ಉತ್ತರಕ್ಕೆ ಒಂದು ವಾರ ಕಾಲಾವಕಾಶ ಕೇಳಬಲ್ಲರು. ಕುಡಿಕೆಯಲ್ಲಿ ಇಪ್ಪತ್ತೇ ದಿನ ಉಳಿದಿದ್ದರೆ, ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆಯೂ ಕೆಲಸದೊಡನೆ ನಿಂತುಹೋಗಿದ್ದರೆ, ಬೇಗ ಸೇರಿಸಿಕೊಳ್ಳುವ ಕಂಪನಿಯನ್ನು ಆರಿಸುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿರುವ ಕನ್ನಡಿಗ ಎಂಜಿನಿಯರ್‌ಗಳಿಗೆ ಈ ಮಿತಿಯನ್ನು ಕುಡಿಕೆಗಿಂತ ಮೊದಲು ಕಾನೂನೇ ಹಾಕುತ್ತದೆ. ಕೆಲಸ ಹೋದ ಮೇಲೆ ಅವರಿಗಿರುವುದು ಗರಿಷ್ಠ 60 ದಿನಗಳ ಅವಕಾಶ, ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಸಲ್ಲಿಸದಿದ್ದರೆ, ವೀಸಾದ ಬಗೆ ಬದಲಿಸಲು ತಾವೂ ಅರ್ಜಿ ಹಾಕದಿದ್ದರೆ, ದೇಶ ಬಿಡಬೇಕಾಗುತ್ತದೆ. ಹೀಗೆ ಕುಡಿಕೆಯನ್ನು ಮೊದಲು ಎಣಿಸಿ, ಅದು ಕೊಡುವ ದಿನಗಳಲ್ಲಿ ಬೆಟ್ಟಗಳನ್ನು ಸಮೀಪಿಸುವುದು ಎರಡು ಗಾದೆಗಳನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವ ಬಗೆ.

ಹತ್ತಿರ ಹೋದಾಗ ಎರಡೂ ಬೆಟ್ಟಗಳು ಒರಟಾಗಿಯೇ ಕಾಣುತ್ತವೆ, ಆಗ ಆರಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರಕ್ಕಾಗಿ ನಿಜವಾದ ಬೆಟ್ಟವೊಂದನ್ನು ನೋಡಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿರದಿಂದಲೂ ನುಣ್ಣಗೆ ಉಳಿದಿರುವ ಏಕಬಂಡೆಯ ಬೆಟ್ಟ. ಅದನ್ನು ಹತ್ತಲೆಂದು ಬಂಡೆಯಲ್ಲೇ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಕಡೆಯಬೇಕಾಯಿತು. ನುಣುಪು ಕಣ್ಣಿಗೆ ಹಿತವಾದರೂ ಕಾಲಿಗೆ ಆಸರೆಯಾಗದು. ಹೆಜ್ಜೆ ನಿಲ್ಲುವುದು ಒರಟಿನ ಮೇಲೆಯೇ. ಸಹಿ ಹಾಕುವ ಮೊದಲೇ ಗೊತ್ತಾದ 90 ದಿನಗಳ ನೋಟಿಸ್ ಪೀರಿಯಡ್ಡನ್ನು 60ಕ್ಕೆ ಇಳಿಸಲು ಕೇಳಬಹುದು, ವೇರಿಯಬಲ್ ಭಾಗದಲ್ಲಿ ಸ್ವಲ್ಪವನ್ನು ಸ್ಥಿರಕ್ಕೆ ಸೇರಿಸಲು ಕೇಳಬಹುದು. ಎರಡು ಮೂರು ತಿಂಗಳ ನೋಟಿಸು ಸಾಮಾನ್ಯವಾಗಿರುವ ಈ ವಲಯದಲ್ಲಿ ನಾಳೆಯೇ ಕೆಲಸಕ್ಕೆ ಬರಬಲ್ಲವರು ಎಂಬುದೇ ಲೇಆಫ್ ಆದವರ ಕೈಯಲ್ಲಿರುವ ಬೆಲೆಯಾದ್ದರಿಂದ, ಹಾಗೆ ಕೇಳುವುದು ಅಹಂಕಾರವೂ ಅಲ್ಲ. ಸಹಿಯ ನಂತರ ಗೊತ್ತಾದ ಅದೇ ಷರತ್ತು ಎಡವುಗಲ್ಲಾಗುತ್ತದೆ. ಹಾಗಾಗಿ ಆಯ್ಕೆ ಹೆಚ್ಚು ನುಣ್ಣಗೆ ಕಂಡ ಆಫರ್‌ಗೆ ಸಲ್ಲದೆ, ತನ್ನ ಒರಟನ್ನು ಮುಟ್ಟಿ ನೋಡಲು ಬಿಟ್ಟ ಮತ್ತು ಆ ಒರಟಿನ ಮೇಲೆ ಈ ಮನೆಯ ಕಾಲು ನಿಲ್ಲಬಲ್ಲ ಆಫರ್‌ಗೆ ಸಲ್ಲಬೇಕು. ಕೇಳಿದ ಪ್ರಶ್ನೆಗೆ ಉತ್ತರಿಸದೆ ನಾಳೆಯೇ ಸಹಿ ಹಾಕಿ ಎಂದು ಅವಸರಪಡಿಸುವ ಕಂಪನಿ, ಎಷ್ಟೇ ಹತ್ತಿರ ನಡೆದರೂ ದೂರದಲ್ಲೇ ಉಳಿಯುವ ಬೆಟ್ಟ.