ಚಿತ್ರದ ಸಾಕ್ಷ್ಯ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ಛಾಯಾಚಿತ್ರ ಬಂದಮೇಲೆ ಈ ಮಾತು ಹಳತಾಯಿತೆಂದು ಹಲವರ ಭಾವನೆ. ಕಣ್ಣು ಮೋಸಹೋದೀತು, ನೆನಪು ಮಾಸೀತು, ಯಂತ್ರಕ್ಕೆ ರಾಗದ್ವೇಷಗಳೆಲ್ಲಿಯವು? ಎಂದು ಅವರು ಕೇಳುವರು. ಆದರೆ ಚಿತ್ರಕ್ಕೆ ಬಾಯಿಲ್ಲ. ಅದರ ಪರವಾಗಿ ಮಾತನಾಡುವವರು ನಾವು. ನಮಗಾದರೋ ರಾಗವೂ ಉಂಟು, ದ್ವೇಷವೂ ಉಂಟು.

ಹಳೆಯ ಚಿತ್ರಗಳಲ್ಲಿರುವ ವಿಮಾನಗಳನ್ನು ಗುರುತಿಸುವ ವಿದ್ಯೆಯಲ್ಲಿ ಈ ಸಂಗತಿ ಚೆನ್ನಾಗಿ ತಿಳಿದುಬರುತ್ತದೆ. ರೆಕ್ಕೆಗಳು ಒಂದು ಸಾಲೋ ಎರಡು ಸಾಲೋ, ಎಂಜಿನುಗಳೆಷ್ಟು, ಬಾಲದ ಆಕಾರವೆಂಥದು ಎಂದು ಬಲ್ಲವರು ಒಂದೊಂದಾಗಿ ನೋಡುವರು. ಡಗ್ಲಾಸ್ ಡಿಸಿ-2, ಡಿಸಿ-3 ಎಂಬ ವಿಮಾನಗಳು ಒಡಹುಟ್ಟಿದವರಂತಿವೆ. ಮೂತಿಯಲ್ಲಿ ಜೋಡಿ ದೀಪಗಳಿದ್ದರೆ ಅದು ಹಿರಿಯದು. ಬಣ್ಣದ ವಿಷಯ ಇನ್ನೂ ಸೂಕ್ಷ್ಮ. 1914–1918ರ ಯುದ್ಧಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ಕೆಂಪು ಕಾಣದು. ಆದುದರಿಂದ ಅವುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಿಕೊಂಡೂ ಮೂಡುವುವು. ಬ್ರಿಟಿಷ್ ವಿಮಾನದ ಚಕ್ರಲಾಂಛನದಲ್ಲಿ ಹೊರಬಳೆ ನೀಲಿ, ನಡುಬೊಟ್ಟು ಕೆಂಪು. ಫ್ರೆಂಚರದು ಇದರ ತಿರುವು. ಕಪ್ಪಾಗಿ ಕಂಡ ಹೊರಬಳೆಯನ್ನು ನೀಲಿಯೆಂದು ಬಗೆದವನು ಫ್ರೆಂಚರ ವಿಮಾನವನ್ನು ಬ್ರಿಟಿಷರಿಗೆ ಒಪ್ಪಿಸಿಬಿಡುವನು.

ಇದು ಅರಿವಿನ ಕೊರತೆಯಿಂದಾಗುವ ತಪ್ಪು. ಅರಿವು ಬಂದಾಗ ತಿದ್ದಿಕೊಳ್ಳಬಹುದು. ಆಸೆಯಿಂದಾಗುವ ತಪ್ಪು ಬೇರೆ ತೆರನಾದುದು. ರೈಟ್ ಸೋದರರು 1903ರ ಡಿಸೆಂಬರ್ 17ರಂದು ಹಾರಿದುದಕ್ಕೆ ಪ್ರಸಿದ್ಧವಾದ ಚಿತ್ರವಿದೆ. ಗುಸ್ಟಾವ್ ವೈಟ್‌ಹೆಡ್ ಎಂಬವನು ಅವರಿಗಿಂತ ಮೊದಲೇ, 1901ರ ಆಗಸ್ಟಿನಲ್ಲಿ, ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹಾರಿದನೆಂದು ಕೆಲವರ ವಾದ. ಅವನ ಯಂತ್ರ ನೆಲದ ಮೇಲೆ ನಿಂತಿರುವ ಚಿತ್ರಗಳುಂಟು, ಹಾರುತ್ತಿರುವ ಚಿತ್ರವಿಲ್ಲ. 1906ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರದರ್ಶನವೊಂದರ ಛಾಯಾಚಿತ್ರದಲ್ಲಿ ಗೋಡೆಯ ಮೇಲೆ ಹಲವು ಚಿತ್ರಗಳು ತೂಗಿವೆ. ಜಾನ್ ಬ್ರೌನ್ ಎಂಬ ಸಂಶೋಧಕರು ಅವುಗಳಲ್ಲಿ ಮಸುಕಾದ ಒಂದನ್ನು ಬಹುವಾಗಿ ದೊಡ್ಡದುಮಾಡಿ, ಇದೇ ಆ ಹಾರಾಟದ ಚಿತ್ರವೆಂದು 2013ರಲ್ಲಿ ಸಾರಿದರು. ಜೇನ್ಸ್ ಎಂಬ ಹೆಸರಾಂತ ವಿಮಾನಕೋಶದ ಪೀಠಿಕೆ ವೈಟ್‌ಹೆಡ್ಡನ ಪಕ್ಷವನ್ನು ಹಿಡಿಯಿತು. ಅದೇ ವರ್ಷ ಕನೆಕ್ಟಿಕಟ್ ಶಾಸನವನ್ನೇ ಮಾಡಿ ಅವನನ್ನು ಗೌರವಿಸಿತು. ಬಳಿಕ ಕ್ಯಾರೊಲ್ ಗ್ರೇ ಎಂಬ ಇತಿಹಾಸಕಾರರು ಸ್ಪಷ್ಟವಾದ ಮೂಲಚಿತ್ರದೊಡನೆ ಹೋಲಿಸಿ ನೋಡಿದರು. ಅದು ಜಾನ್ ಮಾಂಟ್ಗೊಮೆರಿ 1905ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೋರಿಸಿದ, ಎಂಜಿನೇ ಇಲ್ಲದ ಗ್ಲೈಡರೆಂದು ತಿಳಿದುಬಂದಿತು. ಪೀಠಿಕೆಯ ಮಾತು ಅದನ್ನು ಬರೆದವರ ಸ್ವಂತ ಅಭಿಪ್ರಾಯವೆಂದು 2015ರಲ್ಲಿ ಪ್ರಕಾಶಕರು ಹೇಳಿದರು.

ಇಲ್ಲಿ ಯಾರೂ ಸುಳ್ಳು ಹೇಳಹೊರಟವರಲ್ಲ. ಬಡ ಕುಶಲಿಯೊಬ್ಬನಿಗೆ ಅನ್ಯಾಯವಾಗಿದೆಯೆಂಬ ಕನಿಕರವೂ ಆ ಉತ್ಸಾಹದಲ್ಲಿ ಸೇರಿದ್ದೀತು. ಆದರೆ ಒಬ್ಬನಿಗೆ ನ್ಯಾಯ ದೊರಕಿಸುವ ಆತುರದಲ್ಲಿ ಮಾಂಟ್ಗೊಮೆರಿಯ ದುಡಿಮೆ ಪರರ ಪಾಲಾಯಿತು. ಅವನು 1911ರಲ್ಲಿ ಗ್ಲೈಡರಿನಿಂದಲೇ ಬಿದ್ದು ಪ್ರಾಣಬಿಟ್ಟವನು. ಎದ್ದುಬಂದು ಇದು ನನ್ನದೆನ್ನಲಾರನು. ಗತಿಸಿದವರ ವಿಷಯದಲ್ಲಿ ತಪ್ಪು ಹೆಸರಿಡುವುದು ಆದಕಾರಣ ಬರಿಯ ಅಜಾಗರೂಕತೆಯಲ್ಲ. ಒಂದು ಬಗೆಯ ಅಪಹರಣ.

ಹಾಗಾದರೆ ನಿಶ್ಚಯವಾಗುವವರೆಗೆ ಬಾಯಿ ತೆರೆಯಲೇಬಾರದೋ? ಊಹೆಯಿಲ್ಲದೆ ಯಾವ ಅರಿವೂ ಬೆಳೆಯದಲ್ಲವೇ? ಎಂದು ವಾಚಕರು ಕೇಳಬಹುದು. ಈ ಆಕ್ಷೇಪ ಯುಕ್ತವಾದುದೇ. ಊಹೆ ದೋಷವಲ್ಲ, ಊಹೆಗೆ ನಿಶ್ಚಯದ ಉಡುಗೆ ತೊಡಿಸುವುದು ದೋಷ. ಯಾವ ಕುರುಹು ಕಂಡರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುವೆನೆಂದು ಮೊದಲೇ ತನ್ನಲ್ಲಿ ಕೇಳಿಕೊಂಡವನು ಧೈರ್ಯವಾಗಿ ಊಹಿಸಬಹುದು. ಇದೇ ನಿಯಮವು ಎದುರುಪಕ್ಷಕ್ಕೂ ಸಲ್ಲುವುದು. ಆ ಚಿತ್ರ ವೈಟ್‌ಹೆಡ್ಡನದಲ್ಲವೆಂಬಷ್ಟರಿಂದಲೇ ಅವನು ಹಾರಲಿಲ್ಲವೆಂದು ಸಿದ್ಧವಾಗದು. ಈ ಸಾಕ್ಷಿ ಅವನದಲ್ಲವೆಂಬುದಷ್ಟೇ ಸಿದ್ಧ. ಅವನ ಹಾರಾಟವನ್ನು ಬಹುಮಂದಿ ಇತಿಹಾಸಕಾರರು ಒಪ್ಪದಿರುವುದಕ್ಕೆ ಬೇರೆ ಕಾರಣಗಳುಂಟು. ಅವನ್ನು ಬೇರೆಯಾಗಿಯೇ ತೂಗಬೇಕು.

ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಹೆಸರಿಲ್ಲದ ಚಿತ್ರಗಳಿವೆ. ಇವರು ಯಾರೆಂದು ಮಕ್ಕಳು ಕೇಳಿದಾಗ, ತಿಳಿಯದಿದ್ದರೆ ಪ್ರತಿಷ್ಠಿತರಾದ ಬಂಧುವೊಬ್ಬರ ಹೆಸರು ನಾಲಗೆಯ ತುದಿಗೆ ಬರುವುದುಂಟು. ಹೇಳಿಬಿಟ್ಟರೆ ಮಕ್ಕಳು ನಂಬುವರು, ಚಿತ್ರದ ಬೆನ್ನಿಗೆ ಬರೆದಿಡುವರು. ಅಲ್ಲಿದ್ದ ನಿಜವಾದ ಮನುಷ್ಯನು ಅಂದಿಗೆ ಇಲ್ಲವಾಗುವನು. ತಿಳಿಯದೆಂದು ಹೇಳಿದರೆ ಅವನ ಸ್ಥಾನ ತೆರವಾಗಿಯೇ ಉಳಿಯುವುದು. ಬಲ್ಲವರು ಎಂದಾದರೂ ಬಂದು ಅವನ ಹೆಸರನ್ನು ಅವನಿಗೆ ಹಿಂದಿರುಗಿಸಬಹುದು.