ಸೋತೆತ್ತಿನ ಬಾಲ

ಆಗಸ್ಟ್ 5ರ ಸೋಮವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದು ವ್ಯಾಕರಣದ ಪವಾಡ ನಡೀತು. ಜೆ.ಪಿ. ನಗರ ಏಳನೇ ಫೇಸಿನ ಗ್ರೂಪು ಇದು. ಕಾವೇರಿ ನೀರು, ಟ್ಯಾಂಕರು, ಪಾರ್ಕಿಂಗು ಬಿಟ್ಟರೆ ಬೇರೆ ಮಾತಿಲ್ಲ. ಅವತ್ತು ಮಾತ್ರ ಎಲ್ಲರೂ ಪ್ಯಾರಿಸ್‌ನಲ್ಲಿದ್ದರು. ನಮ್ಮ ಬೆಂಗಳೂರಿನಲ್ಲೇ ತಯಾರಾದ ಹುಡುಗ ಲಕ್ಷ್ಯ ಸೇನ್, ಕಂಚಿಗಾಗಿ ಮಲೇಷ್ಯಾದ ಲೀ ಜೀ ಜಿಯಾ ಜೊತೆ ಆಡ್ತಿದ್ದ. ಮೊದಲ ಗೇಮ್ 21-13. "ನಾವು ಗೆದ್ದಂಗೇ ಬಿಡಿ" ಅಂತ ಒಬ್ಬರು. "ನಮ್ಮ ಹುಡುಗ!" ಅಂತ ಇನ್ನೊಬ್ಬರು, ಜೊತೆಗೆ ಎಂಟು ತ್ರಿವರ್ಣ ಧ್ವಜ. ಎರಡನೇ ಗೇಮ್ 16-21. ಗ್ರೂಪು ತಣ್ಣಗಾಯ್ತು. ಮೂರನೇದು 11-21. ಹತ್ತು ನಿಮಿಷದಲ್ಲಿ ಬಂದ ಮೆಸೇಜು: "ಇವನಿಗೆ ಪ್ರೆಶರ್ ತಡ್ಕೊಳಕ್ಕಾಗಲ್ಲ. ಇವರಿಗೆಲ್ಲ ನಮ್ಮ ದುಡ್ಡು ಬೇರೆ."

ನೋಡಿ, ಒಂದೇ ಗಂಟೆಯಲ್ಲಿ 'ನಾವು' ಹೋಗಿ 'ಇವನು' ಆದ. 'ನಮ್ಮ' ಅನ್ನೋದು ಹುಡುಗನನ್ನ ಬಿಟ್ಟು ದುಡ್ಡಿಗೆ ಅಂಟಿಕೊಳ್ತು.

ಇದೇನೂ ನಮ್ಮ ಏಳನೇ ಫೇಸಿನ ವಿಶೇಷ ಅಲ್ಲ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಕಾಲೇಜು ಹುಡುಗರನ್ನ ಇಟ್ಟುಕೊಂಡು ಇದನ್ನೇ ಅಳೆದಿದ್ದರು. ತಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ಪಂದ್ಯದ ಬಗ್ಗೆ ಕೇಳಿದರೆ ಹುಡುಗರ ಬಾಯಲ್ಲಿ 'ನಾವು' ಜಾಸ್ತಿ ಬರ್ತಿತ್ತು, ಸೋತ ಪಂದ್ಯಕ್ಕೆ ಕಡಿಮೆ. ಗೆದ್ದ ಮಾರನೇ ಸೋಮವಾರ ಕಾಲೇಜಿನ ಹೆಸರಿರೋ ಅಂಗಿ ಹಾಕ್ಕೊಂಡು ಬರೋರೂ ಜಾಸ್ತಿ. ನಮ್ಮ ಹಳ್ಳಿಯವರಿಗೆ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯೋದು ಅಂತ ಎರಡೂವರೆ ಪದದಲ್ಲಿ ಹೇಳಿಟ್ಟಿದ್ದಾರೆ.

ಬೈಯೋಕೆ ನನಗೂ ಯೋಗ್ಯತೆ ಇಲ್ಲ ಅನ್ನೋದನ್ನ ಮೊದಲೇ ಒಪ್ಕೊಂಡುಬಿಡ್ತೀನಿ.

2012. ನಾನಾಗ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿದ್ದೆ. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಮ್ಮವರೆಲ್ಲ ಹಳದಿ ಪೇಟ, ಹಳದಿ ಸೀರೆಯಲ್ಲಿ ನಡೀತಿದ್ದಾಗ ಮುಂದುಗಡೆ, ಧ್ವಜ ಹಿಡಿದವರ ಪಕ್ಕದಲ್ಲೇ, ಕೆಂಪು ಅಂಗಿಯ ಒಬ್ಬ ಹುಡುಗಿ ನಡೆದುಹೋದದ್ದು ನೆನಪಿದೆಯಾ? ಸಮಾರಂಭದ ಕಲಾವಿದರ ಗುಂಪಿನವಳು, ಬೆಂಗಳೂರಿನವಳು ಅಂತ ಆಮೇಲೆ ಗೊತ್ತಾಯ್ತು. ಇಡೀ ದೇಶ ಅವಳ ಮೇಲೆ ಬಿತ್ತು. ಕರೆಯದೇ ಬಂದು ನಮ್ಮ ತಂಡದ ಜೊತೆ ನಡೆಯೋಕೆ ಇವಳ್ಯಾರು ಅಂತ. ಆಫೀಸ್ ಕ್ಯಾಂಟೀನಿನಲ್ಲಿ ನಾನೂ ಅದನ್ನೇ ಕೇಳಿದ್ದೆ.

ಅದೇ ಒಲಿಂಪಿಕ್ಸಿಗೆ ಭಾರತದಿಂದ ಹೋದ ಒಬ್ಬನೇ ಈಜುಗಾರ ನಮ್ಮ ಬೆಂಗಳೂರಿನ ಗಗನ್ ಉಳ್ಳಾಲಮಠ. 1500 ಮೀಟರ್ ಫ್ರೀಸ್ಟೈಲ್. 31 ಜನರಲ್ಲಿ 31ನೆಯವನಾಗಿ ಬಂದ. ಸಮಯ 16 ನಿಮಿಷ 31 ಸೆಕೆಂಡು. ಚೀನಾದ ಸುನ್ ಯಾಂಗ್ ಫೈನಲ್‌ನಲ್ಲಿ ವಿಶ್ವದಾಖಲೆ ಮಾಡಿದ್ದು 14 ನಿಮಿಷ 31 ಸೆಕೆಂಡಿನಲ್ಲಿ. ಎರಡು ನಿಮಿಷದ ಅಂತರ. ನಾನು ಫೇಸ್‌ಬುಕ್ಕಿನಲ್ಲಿ ಹಾಕಿದ ಸ್ಟೇಟಸ್ಸು: "ಈಜೋಕೆ ಹೋಗಿದ್ನಾ, ನೀರು ಕುಡಿಯೋಕೆ ಹೋಗಿದ್ನಾ?" ನಲವತ್ತು ಲೈಕು ಬಂತು. ಖುಷಿಯಾಗಿತ್ತು.

ಆಮೇಲೆ ಬೊಜ್ಜು ಬಂತು, ಡಾಕ್ಟರು ಈಜು ಅಂದರು. ಬನಶಂಕರಿ ಕಡೆಯ ಒಂದು ಕೊಳದಲ್ಲಿ ಮೂರು ತಿಂಗಳು ಕಲಿತು, ಒಂದು ದಿನ ಧೈರ್ಯ ಮಾಡಿ 50 ಮೀಟರ್ ಒಂದೇ ದಮ್ಮಿಗೆ ದಾಟೋಣ ಅಂತ ಹೊರಟೆ. ಮುಕ್ಕಾಲು ದಾರಿಗೆ ಕಂಬಿ ಹಿಡ್ಕೊಂಡೆ. ಕಣ್ಣು ಕತ್ತಲೆ ಬಂದಿತ್ತು. ಅಲ್ಲಿ ಏದುಸಿರು ಬಿಡ್ತಾ ನಿಂತಾಗ ಇದ್ದಕ್ಕಿದ್ದಂತೆ ಆ ಲೆಕ್ಕ ತಲೆಗೆ ಬಂತು. 1500 ಮೀಟರ್ ಅಂದ್ರೆ 30 ಸುತ್ತು. 16 ನಿಮಿಷ 31 ಸೆಕೆಂಡು ಅಂದ್ರೆ ಸುತ್ತಿಗೆ 33 ಸೆಕೆಂಡು. ನಾನು ಕಂಬಿ ಹಿಡಿದ ಆ ದೂರವನ್ನ 33 ಸೆಕೆಂಡಿನಂತೆ ಮೂವತ್ತು ಸಲ, ನಿಲ್ಲದೆ. ಆ ಸ್ಟೇಟಸ್ ಹುಡುಕಿ ಅಳಿಸಿದೆ. ಅಳಿಸಿದ್ದರಿಂದ ಏನೂ ಆಗಲಿಲ್ಲ, ಅವನಿಗಂತೂ.

ಈಗ ದುಡ್ಡಿನ ವಿಷಯಕ್ಕೆ ಬರೋಣ. 'ನಮ್ಮ ತೆರಿಗೆ ದುಡ್ಡು' ಅನ್ನೋ ಮಾತು ತೂಕದ ಮಾತು, ಹಗುರವಾಗಿ ತಳ್ಳಿಹಾಕೋಕಾಗಲ್ಲ. ಪ್ಯಾರಿಸ್ ತಯಾರಿಗೆ ಸರ್ಕಾರ ಖರ್ಚು ಮಾಡಿದ್ದು ಸುಮಾರು 470 ಕೋಟಿ ಅಂತ ಲೆಕ್ಕ ಬಂದಿದೆ. ನೂರ ನಲವತ್ತು ಕೋಟಿ ಜನಕ್ಕೆ ಹಂಚಿ. ತಲೆಗೆ ಮೂರೂವರೆ ರೂಪಾಯಿಯೂ ಬೀಳಲ್ಲ, ಅದೂ ಮೂರು ವರ್ಷಕ್ಕೆ. ಅಷ್ಟಕ್ಕೆ ಜಯನಗರದ ಯಾವ ದರ್ಶಿನಿಯಲ್ಲೂ ಬೈ-ಟು ಕಾಫಿ ಸಿಗಲ್ಲ. ಸರಿ, ನಾವು ಸಾಫ್ಟ್‌ವೇರಿನವರು, ಟಿಡಿಎಸ್ ಜಾಸ್ತಿ ಕಟ್ತೀವಿ. ಹತ್ತುಪಟ್ಟು ಅಂತಿಟ್ಕೊಳ್ಳಿ, ಇಪ್ಪತ್ತುಪಟ್ಟೇ ಅನ್ನಿ. ಒಂದು ಮಸಾಲೆ ದೋಸೆ ಆಯ್ತು. ಒಂದು ದೋಸೆ ಕೊಡಿಸಿದವನಿಗೆ ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಮೇಲೆ ಎಷ್ಟು ಹಕ್ಕು ಬರುತ್ತೆ?

ಆ ಸೋಮವಾರದ ಪಂದ್ಯದ ನಂತರ ಪ್ರಕಾಶ್ ಪಡುಕೋಣೆ ಒಂದು ಮಾತು ಹೇಳಿದರು. ಸರ್ಕಾರ, ಫೆಡರೇಶನ್ ಎಲ್ಲ ಮಾಡಬೇಕಾದ್ದು ಮಾಡಿದೆ, ಇನ್ನು ಆಟಗಾರರೇ ಜವಾಬ್ದಾರಿ ಹೊರಬೇಕು ಅನ್ನೋ ಅರ್ಥದ ಮಾತು. ಅದಕ್ಕೆ ಅಶ್ವಿನಿ ಪೊನ್ನಪ್ಪ ಸೋಶಿಯಲ್ ಮೀಡಿಯಾದಲ್ಲಿ ಸಿಟ್ಟಾದರು. ಗೆದ್ದರೆ ಹೆಸರಿಗೆ ಎಲ್ಲರೂ ಓಡಿಬರ್ತಾರೆ, ಸೋತರೆ ತಪ್ಪು ಆಟಗಾರನೊಬ್ಬನದೇನಾ ಅನ್ನೋದು ಅವರ ಪ್ರಶ್ನೆ. ಅವರೇ ಪ್ಯಾರಿಸ್‌ನಲ್ಲಿ ಮೂರಕ್ಕೆ ಮೂರೂ ಪಂದ್ಯ ಸೋತು, ಇದು ನನ್ನ ಕೊನೇ ಒಲಿಂಪಿಕ್ಸ್ ಅಂತ ಕಣ್ಣೀರು ಹಾಕಿ ಒಂದು ವಾರ ಆಗಿತ್ತಷ್ಟೆ.

ನಮ್ಮ ಗ್ರೂಪಿನವರು ತಕ್ಷಣ ಎರಡು ಪಾರ್ಟಿ ಮಾಡ್ಕೊಂಡರು. ನನಗೆ ಯಾವುದಕ್ಕೂ ಸೇರೋಕಾಗಲಿಲ್ಲ. ಪಡುಕೋಣೆಯವರ ಮಾತು ಕಟುವಾಗಿತ್ತು, ಹೇಳಿದ ಹೊತ್ತೂ ಸರಿ ಇರಲಿಲ್ಲ ಅಂತಲೇ ನನಗನ್ನಿಸೋದು. ಆದರೆ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ, ಮದುವೆ ಇಲ್ಲದ ದಿನ ನೋಡ್ಕೊಂಡು ಆಡಿ ಕಲಿತು, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂದವರು ಅವರು. ಆ ಹುಡುಗ ಸೋತಾಗ ಅವರದೂ ಏನೋ ಸೋತಿತ್ತು. ಮನೆಯವರು ಮನೆಯವರನ್ನ ಬೈದ ಹಾಗೆ. ಅಶ್ವಿನಿ ತಿರುಗಿ ಕೇಳಿದ್ದೂ ಮನೆಯೊಳಗಿನ ಜಗಳವೇ. ಇಬ್ಬರ ನಷ್ಟದಲ್ಲೂ ಪಾಲಿದೆ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಒಂದು ನಿಯಮ ಇತ್ತಲ್ಲ, ಆಸ್ತಿಯಲ್ಲಿ ಭಾಗ ಕೇಳೋನು ಸಾಲದಲ್ಲೂ ಭಾಗ ಹೊರಬೇಕು ಅಂತ. ನಾನು ಕೇಳ್ತಿರೋದು ಅಷ್ಟೇ. ಪದಕ ಬಂದ ದಿನ 'ನಾವು' ಅಂತ ಪಾಲಿಗೆ ಬರೋ ನಾವು, ಸಾಲದ ಪತ್ರಕ್ಕೆ ಎಲ್ಲಿ ಸಹಿ ಹಾಕಿದ್ದೀವಿ?

ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬಳು ಚೆನ್ನಾಗಿ ಉತ್ತರ ಕೊಟ್ಟಳು. "ನಿನ್ನ ಲೆಕ್ಕದಲ್ಲಿ ಯಾರೂ ಖುಷಿ ಪಡೋ ಹಾಗೇ ಇಲ್ವಲ್ಲೋ! ಅಡುಗೆ ಬರದೋನು ಉಪ್ಪು ಜಾಸ್ತಿ ಅನ್ನಬಾರದಾ?" ನಿಜ. 2021ರ ಆಗಸ್ಟ್ 7ರ ಬೆಳಿಗ್ಗೆ ಇದೇ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋದಲ್ಲಿ ಗಾಲ್ಫ್ ಆಡೋವಾಗ, ಜನ್ಮದಲ್ಲಿ ಗಾಲ್ಫ್ ನೋಡದ ನಾನು ಹಲ್ಲೂ ಉಜ್ಜದೆ ಟಿವಿ ಮುಂದೆ ಕೂತಿದ್ದೆ. ಬರ್ಡಿ ಅಂದ್ರೇನು ಅಂತ ಪಕ್ಕದಲ್ಲೇ ಗೂಗಲ್ ಮಾಡ್ಕೊಂಡು. ಬ್ಯಾಗ್ ಹೊತ್ತು ಜೊತೆಗೆ ನಡೀತಿದ್ದದ್ದು ಅವಳ ಅಮ್ಮ. ಒಂದೇ ಒಂದು ಸ್ಟ್ರೋಕಿನಲ್ಲಿ ಕಂಚು ತಪ್ಪಿತು, ನಾಲ್ಕನೇ ಸ್ಥಾನ. ಆಗ ನನ್ನ ಬಾಯಿಂದ ತಾನಾಗೇ ಬಂದದ್ದು "ಛೇ, ತಪ್ಪಿಸ್ಕೊಂಡ್ವಿ" ಅಂತ. 'ತಪ್ಪಿಸ್ಕೊಂಡಳು' ಅಂತ ಅಲ್ಲ. ಸೋಲಿಗೂ 'ನಾವು' ಬಂದಿತ್ತು. ಆ ಬೆಳಿಗ್ಗೆ ನನ್ನ ಗಂಟಲಿಗೆ ಸಿಕ್ಕಿಕೊಂಡದ್ದು ಸುಳ್ಳಲ್ಲ. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ. ರಾತ್ರಿ ಮಲಗೋ ಹೊತ್ತಿಗೆ ಗಾಲ್ಫ್ ಮರೆತುಹೋಗಿತ್ತು ಅನ್ನೋದೂ ಸುಳ್ಳಲ್ಲ.

ಇಷ್ಟೆಲ್ಲ ಈಗ ಬರೀತಿರೋದಕ್ಕೆ ಕಾರಣ ನನ್ನ ಅಕ್ಕನ ಮಗಳು. ಪುಟ್ಟಿಗೆ ಹದಿನಾಲ್ಕು. ಬೆಳಿಗ್ಗೆ ನಾಲ್ಕೂಕಾಲಿಗೆ ಎದ್ದು, ಐದಕ್ಕೆ ನೀರಿಗೆ ಬೀಳ್ತಾಳೆ. ರಾಜ್ಯ ಮಟ್ಟದಲ್ಲಿ ಆರನೆಯವಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು ಕೂಡ ಹದಿನಾಲ್ಕರ ಹುಡುಗಿ, ಭಾರತ ತಂಡದಲ್ಲೇ ಚಿಕ್ಕವಳು. ಅವಳು ಹೋದದ್ದು ಯೂನಿವರ್ಸಾಲಿಟಿ ಕೋಟಾದಲ್ಲಿ. ಅರ್ಹತಾ ಸಮಯ ಮುಟ್ಟಿದವರು ಇಲ್ಲದ ದೇಶಗಳಿಗೂ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನ ಕಳಿಸೋಕೆ ಇರೋ ಅವಕಾಶ ಅದು. ಸೆಮಿಫೈನಲ್‌ಗೆ ಹೋಗಲಿಲ್ಲ. ಪುಟ್ಟಿ ಆ ರೇಸನ್ನ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾಳೋ. ಭಾವ ಮಾತ್ರ "ಅಷ್ಟು ಮಾಡಿಯೂ ಇಷ್ಟೇನಾ" ಅಂದರು.

ಕಳೆದ ಭಾನುವಾರ ಅಕ್ಕ ಫೋನ್ ಮಾಡಿದ್ದಳು. "ನೀನು ಓದ್ಕೊಂಡೋನು, ನೀನೇ ಹೇಳು. ಮುಂದುವರಿಸೋದಾ, ಟ್ಯೂಷನ್‌ಗೆ ಹಾಕೋದಾ?"

ಆರನೆಯವಳು ಒಲಿಂಪಿಕ್ಸಿಗೆ ಹೋಗಲ್ಲ. ಬಹುತೇಕ ಹೋಗಲ್ಲ. ಆದರೆ ಆರನೆಯವರು, ಹನ್ನೆರಡನೆಯವರು, ಹೀಟ್ಸಿನಲ್ಲೇ ಉದುರೋರು ಸಾವಿರಗಟ್ಟಲೆ ಇಲ್ಲದೆ ಮೊದಲನೆಯವರು ಎಲ್ಲಿಂದ ಬರ್ತಾರೆ? ಪಕ್ಕದ ಲೇನಿನಲ್ಲಿ ಬೆನ್ನಟ್ಟೋರಿಲ್ಲದೆ ಯಾರೂ ವೇಗ ಆಗಲ್ಲ. ಗೆದ್ದವಳಿಗೆ ಕೊನೇಪಕ್ಷ ಹಾರ, ಕೆಲಸ, ಸೈಟು. ಆರನೆಯವಳ ಖರ್ಚೆಲ್ಲ ಅವಳ ಅಪ್ಪ ಅಮ್ಮನ ಲೆಕ್ಕಕ್ಕೆ. ಫೀಸು, ಮೊಟ್ಟೆ, ಪೆಟ್ರೋಲು, ಕ್ಲೋರಿನ್ನಿಗೆ ಉದುರಿದ ಕೂದಲು, ಕಳಕೊಂಡ ನಿದ್ದೆ, ಕಡಿಮೆಯಾದ ಅಂಕ. ನಿಜವಾದ ಸಾಲಪತ್ರ ಇರೋದು ಅಲ್ಲಿ. "ನೂರ ನಲವತ್ತು ಕೋಟಿ ಜನ, ಆರೇ ಪದಕ!" ಅಂತ ಪ್ಯಾರಿಸ್ ಮುಗಿದ ದಿನ ನಾನೇ ಸ್ಟೇಟಸ್ ಹಾಕಿದ್ದೆ. ಸಹಿ ಹಾಕೋ ಸರದಿ ನನ್ನ ಮನೆಗೇ ಬಂದಾಗ, ಒಂದು ಕ್ಷಣವೂ ಯೋಚಿಸದೆ ನನ್ನ ಬಾಯಿಂದ ಬಂದದ್ದು: "ಎಸ್ಸೆಸ್ಸೆಲ್ಸಿ ಒಂದು ಮುಗೀಲಿ ಅಕ್ಕ, ಆಮೇಲೆ ನೋಡೋಣ."

ಅಕ್ಕ "ಹೂಂ" ಅಂದು ಫೋನಿಟ್ಟಳು. ಆ 'ಆಮೇಲೆ' ಅನ್ನೋದು ಈಜಿನಲ್ಲಿ ಇರಲ್ಲ ಅಂತ ಅವಳಿಗೂ ಗೊತ್ತು.

ನಾನು ಹೇಳಿದ್ದು ತಪ್ಪು ಅಂತ ಈಗಲೂ ಖಾತ್ರಿಯಾಗಿ ಹೇಳೋಕಾಗ್ತಿಲ್ಲ. ದೇಶಕ್ಕೆ ಬೇಕು ಅಂತ ಒಂದು ಮಗುವಿನ ಹತ್ತನೇ ಕ್ಲಾಸನ್ನ ಪಣಕ್ಕಿಡು ಅನ್ನೋಕೆ ನಾನ್ಯಾರು? ಆದರೆ ಪುಟ್ಟಿಯನ್ನ ಮಾತ್ರ ಯಾರೂ ಏನೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ.

ಬುಧವಾರ ಭಾವ ಊರಲ್ಲಿರಲಿಲ್ಲ. ನಾನೇ ಡ್ರಾಪ್ ಮಾಡ್ತೀನಿ ಅಂದೆ. ಕತ್ತಲಲ್ಲಿ ರಿಂಗ್ ರೋಡು ಖಾಲಿ ಇತ್ತು, ಸ್ಕೂಟರಿನ ಹಿಂದೆ ಅವಳು ನಿದ್ದೆಗಣ್ಣಲ್ಲಿ ನನ್ನ ಬೆನ್ನಿಗೆ ತಲೆ ಆನಿಸಿದ್ದಳು. ಕೊಳದ ಹತ್ತಿರ ಕೇಳಿದೆ, "ಪುಟ್ಟಿ, ನಿಂಗೆ ಏನನ್ಸುತ್ತೆ? ಬಿಡ್ತೀಯಾ?"

"ಮಾಮ, ಈಗ ಮಾತಾಡಿಸ್ಬೇಡಿ, ವಾರ್ಮ್-ಅಪ್ ಇದೆ" ಅಂದಳು. ಆಮೇಲೆ ಕ್ಯಾಪ್ ಹಾಕ್ಕೊಳ್ತಾ ಸ್ಟಾಪ್‌ವಾಚ್ ನನ್ನ ಕೈಗಿಟ್ಟಳು. "ಇವತ್ತು 1500 ಇದೆ. ನಿಂತ್ಕೊಂಡು ಸುತ್ತು ಎಣಿಸ್ತೀರಾ?"

ಎಣಿಸ್ತಾ ಹೋದೆ. ಇಪ್ಪತ್ತೆರಡರ ಹತ್ತಿರ ಎಲ್ಲೋ ಲೆಕ್ಕ ತಪ್ಪಿತು. ಅವಳು ಇನ್ನೂ ಈಜ್ತಾನೇ ಇದ್ದಳು.