ನಕ್ಷೆಯಲ್ಲಿ ಯಾರಿಗೆ ಎಡೆ?

30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಲು ಹೊರಟ ಶಿಷ್ಯರೊಬ್ಬರು ನಕ್ಷೆಯನ್ನು ನಮ್ಮ ಮುಂದಿರಿಸಿದರು. ಮುಂಭಾಗವು ವಾಹನಕ್ಕೆ ಮೀಸಲಾಗಿತ್ತು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲಿದ್ದವು. ಮೊಣಕಾಲು ನೋವಿನ ತಾಯಿಗೆ ಯಾವ ಕೋಣೆಯೆಂದು ಕೇಳಿದೆವು. ಅವರು ನಿರುತ್ತರರಾದರು.

ತಾಯಿಯಲ್ಲಿ ಅವರಿಗೆ ಪ್ರೀತಿಯಿಲ್ಲವೆಂದಲ್ಲ; ಗೆರೆ ಎಳೆಯುವಾಗ ಆಕೆಯ ನೆನಪಾಗಲಿಲ್ಲ. ಬರಿಯ ಮರೆವು ಅಪರಾಧವೇ? ಗೋಡೆಯೆದ್ದ ಮೇಲೆ ಆ ಮರೆವು ಮತ್ತೊಬ್ಬರ ನಿತ್ಯದ ನೋವಾಗುವುದರಿಂದ, ಹೌದೆಂದೇ ಹೇಳಬೇಕು. ಕಾಗದದ ಮೇಲಿನ ಗೆರೆಯನ್ನು ಅಳಿಸಬಹುದು. ಕಟ್ಟಿದ ಗೋಡೆಯನ್ನು ಅಳಿಸಲಾಗದು.

ಆದುದರಿಂದ ಮೊದಲ ಗೆರೆಯನ್ನು ಅಶಕ್ತರಿಗಾಗಿ ಎಳೆಯಿರಿ. ನೆಲಮಟ್ಟದಲ್ಲಿ ಗಾಳಿಬೆಳಕಿನ ಕೋಣೆ, ಪಕ್ಕದಲ್ಲಿಯೇ ಸ್ನಾನಗೃಹ ಮತ್ತು ಶೌಚಾಲಯ, ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು ಇರಲಿ. ಉಳಿದುದು ಅನಂತರ. ಇಂದು ತಾಯಿ ಮಲಗುವ ಆ ಕೋಣೆಗೆ ನಾಳೆ ಬರುವವರು ನೀವೇ.